ಗೆಜ್ಜೆ, ಗಿಲಕಿ, ಚಿಟಿಕೆ

ಔರಾದ ಕಡೆಯ ರೈತನು ಹಬ್ಬದ ದಿನ ತನ್ನ ದೇವಣಿ ಎತ್ತಿನ ಕೊರಳಿಗೆ ಕಟ್ಟುವುದು ಗೆಜ್ಜೆಸರ. ಭಾಲ್ಕಿಯ ಓಣಿಗಳಲ್ಲಿ ಭಿಕ್ಷಕ್ಕೆ ಬರುವ ಜಂಗಮರ ಕಾಲಿನಲ್ಲಿ ನುಡಿಯುವುದು ಜಂಗು. ಭಜನೆಯವರ ಬೆರಳುಗಳ ನಡುವೆ ಆಡುವ ಮರದ ಜೋಡಿಯನ್ನು ಕನ್ನಡಿಗರು ಚಿಟಿಕೆಯೆಂದರೆ ನೆರೆಯ ಮರಾಠಿಗರು ಚಿಪಳಿ ಎನ್ನುತ್ತಾರೆ. ಬೀದರ ನಗರದ ಉರ್ದು ಮನೆಗಳಲ್ಲಿ ಗೆಜ್ಜೆಯೇ ಘುಂಗ್ರೂ. ಇನ್ನು ತೊಟ್ಟಿಲ ಕೂಸಿಗೆ ಬೇಕಾದುದು ಗಿಲಕಿ. 1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದ ಈ ನೆಲದಲ್ಲಿ ಭಾಷೆಗಳು ಹೀಗೆ ಒಂದೇ ಅಂಗಳದಲ್ಲಿ ಬೆಳೆದಿವೆ.

ಗಿಲಕಿಯ ವಯಸ್ಸು ಸಣ್ಣದಲ್ಲ. ಹರಪ್ಪಾದಲ್ಲಿ 4000 ವರ್ಷಗಳಿಗೂ ಹಿಂದಿನ ಮಣ್ಣಿನ ಗಿಲಕಿಗಳು ದೊರೆತಿವೆ. ಟೊಳ್ಳು ಉಂಡೆ, ಒಳಗೆ ಹರಳು. ಅಂಥವೇ ಪ್ರಾಚೀನ ಇಸ್ರಯೇಲಿನ ನೆಲದಲ್ಲಿಯೂ ಸಿಕ್ಕಿವೆ. ಮಂಜೂಷವನ್ನು ತರುವಾಗ ದಾವೀದನ ಜನರು ನುಡಿಸಿದ ವಾದ್ಯಗಳಲ್ಲಿ (2 ಸಮುವೇಲ 6:5) ‘ಮೆನಾನಿಮ್’ ಎಂಬುದೊಂದು. ಅಲುಗಾಡಿಸು ಎಂಬರ್ಥದ ಹೀಬ್ರೂ ಧಾತುವಿನಿಂದ ಬಂದ ಶಬ್ದವಿದು. 1611ರ ಇಂಗ್ಲಿಷ್ ಅನುವಾದಕರು ಅದನ್ನು ಊದುವ ಕಹಳೆಯಾಗಿಸಿಬಿಟ್ಟರು! ನಮ್ಮ ಅಜ್ಜಿಯರನ್ನು ಕೇಳಿದ್ದರೆ ಗಿಲಕಿಯೆಂದು ಹೇಳುತ್ತಿದ್ದರೇನೋ.

ಮಹಾಯಾಜಕನಾದ ಆರೋನನ ಮೇಲಂಗಿಯ ಅಂಚಿನಲ್ಲಿ ಚಿನ್ನದ ಕಿರುಗಂಟೆಗಳಿದ್ದವು; ಅವನ ಹಣೆಯ ಪಟ್ಟಿಯಲ್ಲಿ ‘ಸರ್ವೇಶ್ವರನಿಗೆ ಪವಿತ್ರ’ ಎಂಬ ಬರಹವಿತ್ತು (ವಿಮೋಚನಾಕಾಂಡ 28). ಪ್ರವಾದಿ ಜೆಕರ್ಯನಾದರೋ ಅದೇ ಬರಹವನ್ನು ಕುದುರೆಗಳ ಗಂಟೆಗಳ ಮೇಲೆ ಕಂಡನು (14:20). ಕುದುರೆಯ ಕೊರಳಿಗೆ ಸಂದ ಗೌರವ ಔರಾದಿನ ಎತ್ತಿನ ಗೆಜ್ಜೆಗೆ ಸಲ್ಲದೇ?

ಚಿಟಿಕೆ ಅನ್ಯರದೆಂಬ ಸಂಕೋಚ ನಮ್ಮಲ್ಲಿ ಕೆಲವರಿಗೆ ಇನ್ನೂ ಉಂಟು. ಇದು ಹೊಸ ಸಂಕೋಚವೇನಲ್ಲ. ಸುಮಾರು ಕ್ರಿ.ಶ. 200ರಲ್ಲಿ ಅಲೆಕ್ಸಾಂಡ್ರಿಯದ ಕ್ಲೆಮೆಂಟನು ಈಜಿಪ್ಟಿನವರ ‘ಕ್ರೋತಲ’ಗಳನ್ನು, ಅಂದರೆ ತಟ್ಟಿ ನುಡಿಸುವ ಚಿಟಿಕೆಗಳನ್ನು, ಕ್ರೈಸ್ತರ ಔತಣಗಳಿಗೆ ತಕ್ಕುದಲ್ಲವೆಂದು ಖಂಡಿಸಿದನು. ಮದ್ಯ, ಕುಣಿತಗಳ ನಡುವೆ ಅವು ಸದ್ದು ಮಾಡುತ್ತಿದ್ದುದರಿಂದ ಅವನ ಕಳವಳಕ್ಕೆ ಕಾರಣವಿಲ್ಲದಿರಲಿಲ್ಲ. ಆದರೆ ಹೆಸರು ಅಳಿಯಲಿಲ್ಲ. ಗ್ರೀಕಿನ ಕ್ರೋತಲ ಲತೀನಿನಲ್ಲಿ ‘ಕ್ರೋತಾಲುಸ್’ ಆಯಿತು. (ಬಾಲವನ್ನು ಗಿಲಕಿಯಂತೆ ಆಡಿಸುವ ಅಮೆರಿಕದ ಹಾವಿಗೂ ಪ್ರಾಣಿಶಾಸ್ತ್ರಜ್ಞರು ಇಟ್ಟ ಹೆಸರು ಅದೇ.) ಪವಿತ್ರ ಗುರುವಾರದ ಮಹಿಮಾಗೀತೆ ಮುಗಿದ ಮೇಲೆ ಗಂಟೆಗಳು ಮೌನವಾಗುತ್ತವೆಯಷ್ಟೆ, ಪಾಸ್ಖ ಜಾಗರಣೆಯವರೆಗೆ ಅವುಗಳ ಬದಲಿಗೆ ಧರ್ಮಸಭೆಯು ಕೈಗೆತ್ತಿಕೊಳ್ಳುವ ಮರದ ವಾದ್ಯಕ್ಕೆ ಲತೀನಿನಲ್ಲಿರುವ ಹೆಸರು ಈ ಕ್ರೋತಾಲುಸ್.