ಕಡಿಮೆ ಖರ್ಚಿನ ಮನೆ: ಕಾಮಾಕ್ಷಿಪಾಳ್ಯದ ಹಳೆ ಸಾಮಾನು, ಕೈಕಸುಬು

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಕಡಿಮೆ ಖರ್ಚಿನಲ್ಲಿ ಮನೆಯನ್ನು ಅಣಿಗೊಳಿಸುವ ರೂಢಿ ಮೂರು ಮೂಲಗಳಿಂದ ಬೆಳೆದಿದೆ: ಕುಶಲಕರ್ಮಿಗಳು ಕೈಯಿಂದ ಮಾಡಿದ ವಸ್ತುಗಳು, ಒಬ್ಬರು ಬಳಸಿ ಇನ್ನೊಬ್ಬರಿಗೆ ದಾಟಿಸಿದ ಪೀಠೋಪಕರಣಗಳು ಮತ್ತು ಕಾರ್ಖಾನೆಗಳಲ್ಲಿ ಉಳಿಯುವ ಲೋಹ, ಮರ, ಬಟ್ಟೆ. ಮಾಗಡಿ ರಸ್ತೆಯ ಕಾಮಾಕ್ಷಿಪಾಳ್ಯದಲ್ಲಿ ಈ ಮೂರೂ ಒಂದೆಡೆ ಸೇರುತ್ತವೆ. ಸಣ್ಣ ಎಂಜಿನಿಯರಿಂಗ್ ಘಟಕ, ವೆಲ್ಡಿಂಗ್ ಶೆಡ್ಡು, ಪೌಡರ್ ಕೋಟಿಂಗ್ ಅಂಗಡಿ, ಗಾರ್ಮೆಂಟ್ಸ್‌ಗಳ ನಡುವೆಯೇ ಕಾರ್ಮಿಕರ ಬಾಡಿಗೆ ಮನೆಗಳಿವೆ. ಹಳೆಯ ವಸ್ತು ಅಗ್ಗವಾಗಿ ಸಿಕ್ಕರೆ ಸಾಲದು, ಅದನ್ನು ಸರಿಪಡಿಸುವ ಕೈಯೂ ಹತ್ತಿರ ಇರಬೇಕು. ಈ ಭಾಗದ ಮನೆಗಳ ಚರಿತ್ರೆಯುದ್ದಕ್ಕೂ ಕಾಣುವ ಸಂಗತಿ ಇದೇ.

ಕುರ್ಚಿ ಬರುವ ಮೊದಲು

ಹಳೆ ಮೈಸೂರು ಸೀಮೆಯ ಸಾಧಾರಣ ಮನೆಯಲ್ಲಿ ಪೀಠೋಪಕರಣ ಎನ್ನುವಂಥದ್ದು ಹೆಚ್ಚೇನೂ ಇರಲಿಲ್ಲ. ಕೂರಲು ಮಣೆ, ಮಲಗಲು ಈಚಲು ಚಾಪೆ, ಬಟ್ಟೆಗೆ ಪೆಟ್ಟಿಗೆ, ಕಾಳಿಗೆ ಬಿದಿರಿನ ಬುಟ್ಟಿ ಇದ್ದರೆ ಸಂಸಾರ ನಡೆಯುತ್ತಿತ್ತು. ಬುಟ್ಟಿ, ಮೊರ, ತಟ್ಟಿಗಳನ್ನು ಮೇದರು ಹೆಣೆಯುತ್ತಿದ್ದರು. ಕಂಬಳಿ ಕುರುಬರ ಮಗ್ಗದಿಂದ ಬರುತ್ತಿತ್ತು. ಬಿನ್ನಿ, ಮಿನರ್ವದಂಥ ಬಟ್ಟೆ ಗಿರಣಿಗಳ ಕೆಲಸಕ್ಕೆಂದು ಹಳ್ಳಿಗಳಿಂದ ನಗರಕ್ಕೆ ಬಂದವರು ಈ ಸಾಮಾನುಗಳನ್ನೇ ಜೊತೆಗೆ ತಂದರು. ಅಲಂಕಾರ ಹಬ್ಬದೊಂದಿಗೆ ಬಂದು ಹಬ್ಬದೊಂದಿಗೆ ಹೋಗುತ್ತಿತ್ತು. ಬಾಗಿಲಿಗೆ ಮಾವಿನ ತೋರಣ, ಅಂಗಳಕ್ಕೆ ರಂಗೋಲಿ, ದಸರಾ ಬೊಂಬೆಗಳಿಗೆ ಟ್ರಂಕು, ಡಬ್ಬಗಳ ಮೇಲೆ ಬಿಳಿ ಪಂಚೆ ಹೊದಿಸಿ ಕಟ್ಟಿದ ಮೆಟ್ಟಿಲು. ಮನೆಯಲ್ಲಿರುವ ವಸ್ತುವನ್ನೇ ಬೇರೊಂದು ಕೆಲಸಕ್ಕೆ ಹಚ್ಚುವ ಜಾಣ್ಮೆ ಅಲ್ಲಿಯೇ ಇತ್ತು.

ಹರಾಜು ಮತ್ತು ಗುಜರಿ

ಕೈಬದಲಾದ ಪೀಠೋಪಕರಣದ ವ್ಯಾಪಾರಕ್ಕೆ ಬೆಂಗಳೂರಿನ ದಂಡು ಪ್ರದೇಶ ದಾರಿ ಮಾಡಿತು. ವರ್ಗವಾಗಿ ಹೋಗುವ ಬ್ರಿಟಿಷ್ ಅಧಿಕಾರಿಗಳು ಬೀಟೆ, ತೇಗದ ಮೇಜು, ಆರಾಮ ಕುರ್ಚಿ, ಮಂಚಗಳನ್ನು ಮಾರಿ ಹೊರಡುತ್ತಿದ್ದರು. ಅವು ಹರಾಜಿನ ಮೂಲಕ ಊರಿನ ಮಧ್ಯಮ ವರ್ಗದ ಮನೆಗಳನ್ನು ಸೇರಿದವು. ಕೆಳ ಹಂತದಲ್ಲಿ ಇದೇ ಕೆಲಸವನ್ನು ಗುಜರಿ ಅಂಗಡಿಗಳು ಮಾಡಿದವು. ಶಿವಾಜಿನಗರದ ಗುಜರಿ, ಚಿಕ್ಕಪೇಟೆ ಸುತ್ತಲಿನ ಸಂಡೇ ಬಜಾರ್, ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಪ್ರದೇಶದ ಹಳೆ ಮರದ ಅಂಗಡಿಗಳು ಹೆಸರಾದವು. ಹಳೆ ಮನೆ ಕೆಡವಿದಾಗ ಸಿಗುವ ಬಾಗಿಲು, ಕಿಟಕಿ, ತೊಲೆಗಳನ್ನು ಕೊಂಡು ಮೇಜು, ಬೆಂಚು ಮಾಡಿಸುವುದು ಇಂದಿಗೂ ನಡೆದಿದೆ. ಹತ್ತಾರು ವರ್ಷ ಒಣಗಿದ ತೇಗ ಮತ್ತೆ ಸೊಟ್ಟಗಾಗುವುದು ಕಡಿಮೆ. ಬಡಗಿಗಳು ಅದನ್ನು ಮೆಚ್ಚುವುದಕ್ಕೆ ಇದೇ ಮುಖ್ಯ ಕಾರಣ.

ಕಾರ್ಖಾನೆಯ ಉಳಿಕೆ

1940ರ ದಶಕದ ಕೊನೆಯಲ್ಲಿ ರಾಜಾಜಿನಗರ ಬಡಾವಣೆ ರೂಪುಗೊಂಡಿತು. ಅದರ ಕೈಗಾರಿಕಾ ಪ್ರದೇಶ ಬೆಳೆದಂತೆ ಮಾಗಡಿ ರಸ್ತೆಯ ಹಳ್ಳಿಗಳೂ ಸಣ್ಣ ಕೈಗಾರಿಕೆಯ ನೆಲೆಗಳಾದವು. ಮನೆಯೊಳಗಿನ ವಸ್ತುಗಳ ಮೇಲೂ ಇದರ ಪರಿಣಾಮವಾಯಿತು. ಗೋದ್ರೇಜ್ ಕಂಪನಿ 1923ರಿಂದಲೇ ಉಕ್ಕಿನ ಬೀರು ತಯಾರಿಸುತ್ತಿತ್ತು. ಅದನ್ನು ಕೊಳ್ಳಲಾಗದವರಿಗೆ ಸ್ಥಳೀಯ ಫ್ಯಾಬ್ರಿಕೇಷನ್ ಶೆಡ್ಡುಗಳು ಅದೇ ಮಾದರಿಯ ಬೀರು, ಮಂಚ, ಪಾತ್ರೆ ಸ್ಟ್ಯಾಂಡು ಮಾಡಿಕೊಟ್ಟವು. ಸಣ್ಣ ದೋಷವಿರುವ ‘ಸೆಕೆಂಡ್ಸ್’ ತಗಡು ಮತ್ತು ತುಂಡು ಪೈಪುಗಳಿಂದ ಖರ್ಚು ಇಳಿಯುತ್ತಿತ್ತು, ಅಳತೆ ಮನೆಯ ಗೋಡೆಗೆ ಒಪ್ಪುತ್ತಿತ್ತು. ಹತ್ತಡಿ ಕೋಣೆಯಲ್ಲಿ ಬದುಕುವ ಕುಟುಂಬಕ್ಕೆ ಈ ಎರಡನೆಯ ಅನುಕೂಲವೇ ದೊಡ್ಡದು. ಮಂಚದ ಕೆಳಗೆ ಸಾಮಾನಿಡುವ ಪೆಟ್ಟಿಗೆಯುಳ್ಳ ದಿವಾನ್ ಕಾಟ್ ಇಂಥ ಮನೆಗಳಲ್ಲಿ ನೆಲೆಯೂರಿದ್ದು ಇದೇ ಕಾರಣಕ್ಕೆ.

ಪೌಡರ್ ಕೋಟಿಂಗ್ ಹಳೆಯ ಕಬ್ಬಿಣಕ್ಕೆ ಹೊಸ ಆಯುಷ್ಯ ಕೊಟ್ಟಿತು. ತುಕ್ಕು, ಜಿಡ್ಡು ತೆಗೆದ ಲೋಹದ ಮೇಲೆ ಬಣ್ಣದ ಪುಡಿಯನ್ನು ವಿದ್ಯುದಾವೇಶದಿಂದ ಅಂಟಿಸಿ, ಸಾಮಾನ್ಯವಾಗಿ 180ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖದ ಒಲೆಯಲ್ಲಿ 10ರಿಂದ 20 ನಿಮಿಷ ಬೇಯಿಸಲಾಗುತ್ತದೆ. ಪುಡಿ ಕರಗಿ ಗಟ್ಟಿ ಪದರವಾಗುತ್ತದೆ. ಈ ಶಾಖವನ್ನು ಪ್ಲಾಸ್ಟಿಕ್, ರಬ್ಬರ್, ಮರ ತಡೆಯುವುದಿಲ್ಲ. ಹಾಗಾಗಿ ಕುರ್ಚಿಯ ವೈರು, ಬುಷ್, ಹಲಗೆಗಳನ್ನು ಮೊದಲೇ ಬಿಚ್ಚಬೇಕು. ಘಟಕಗಳು ಕಾರ್ಖಾನೆಯ ಬಿಡಿಭಾಗಗಳಿಗೆ ಕೋಟಿಂಗ್ ಮಾಡುವಾಗಲೇ ಮನೆಯ ಸಣ್ಣ ಸಾಮಾನನ್ನೂ ಸೇರಿಸಿಕೊಂಡರೆ ಖರ್ಚು ಕಡಿಮೆ. ಬಣ್ಣ ಮಾತ್ರ ಅಂದು ನಡೆಯುತ್ತಿರುವ ಕೆಲಸದ್ದೇ ಆಗಿರುತ್ತದೆ.

ಯಂತ್ರಗಳೊಂದಿಗೆ ಬರುವ ಪ್ಯಾಕಿಂಗ್ ಕೇಸಿನ ಪೈನ್ ಮರದಿಂದ ಗೋಡೆ ಹಲಗೆ, ಚಪ್ಪಲಿ ಸ್ಟ್ಯಾಂಡು, ಸ್ಟೂಲುಗಳಾಗುತ್ತವೆ. ಗಡಿ ದಾಟುವ ಇಂಥ ಮರಕ್ಕೆ 2002ರಲ್ಲಿ ಬಂದ ಅಂತರರಾಷ್ಟ್ರೀಯ ಮಾನದಂಡದಂತೆ ಮುದ್ರೆ ಇರುತ್ತದೆ. ಮುದ್ರೆಯಲ್ಲಿ ‘ಎಚ್‌ಟಿ’ ಇದ್ದರೆ ಮರದ ತಿರುಳು 56 ಡಿಗ್ರಿ ಮುಟ್ಟುವಂತೆ 30 ನಿಮಿಷ ಕಾಯಿಸಲಾಗಿದೆ ಎಂದರ್ಥ. ‘ಎಂಬಿ’ ಇದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲದಿಂದ ಕೀಟ ಕೊಲ್ಲಲಾಗಿದೆ. ಮನೆಯೊಳಗೆ ಬಳಸಲು ಮೊದಲನೆಯದನ್ನು ಆಯುವುದು ಒಳ್ಳೆಯದು.

ಹತ್ತಿ, ಬಟ್ಟೆ, ಬೆತ್ತ

ಮರುಬಳಕೆಯ ಹಳೆಯ ನಗರ ಕಸುಬುಗಳಲ್ಲಿ ಹಾಸಿಗೆಯದೂ ಒಂದು. ಮಲಗಿ ಮಲಗಿ ಗಂಟುಕಟ್ಟಿದ ಹತ್ತಿಯನ್ನು ಪಿಂಜಾರರು ಬಿಲ್ಲಿನಿಂದ ಹಿಂಜಿ ಹಗುರ ಮಾಡುತ್ತಿದ್ದರು. ಮುಂದೆ ಆ ಕೆಲಸಕ್ಕೆ ಯಂತ್ರ ಬಂತು. ಹಳೆ ಹತ್ತಿಗೆ ಸ್ವಲ್ಪ ಹೊಸದನ್ನು ಬೆರೆಸಿ, ಹೊಸ ಬಟ್ಟೆ ಹೊಲಿದರೆ ಅದೇ ಹಾಸಿಗೆ ಮತ್ತೆ ಹಲವು ವರ್ಷ ಬಾಳುತ್ತದೆ. ಫೋಮ್ ಹಾಸಿಗೆಗೆ ಈ ಗುಣವಿಲ್ಲ. ಅದು ಒಮ್ಮೆ ಕುಸಿದರೆ ಎಸೆಯಬೇಕು.

ಗಾರ್ಮೆಂಟ್ಸ್‌ಗಳಿಂದ ಹೊರಬೀಳುವ ಕಟ್ ಪೀಸ್ ಕಿಟಕಿ ಪರದೆ, ದಿಂಬಿನ ಗವಸು, ಕಾಲೊರಸುಗಳಾಗುತ್ತದೆ. ಹೊಲಿಗೆ ಬಲ್ಲ ಹೆಣ್ಣುಮಕ್ಕಳು ಈ ಭಾಗದಲ್ಲಿ ಬೇಕಾದಷ್ಟು ಇರುವುದರಿಂದ ಬಟ್ಟೆಯ ಕೆಲಸ ಹೆಚ್ಚಾಗಿ ಮನೆಯಲ್ಲೇ ಮುಗಿಯುತ್ತದೆ. ಉತ್ತರ ಕರ್ನಾಟಕದಿಂದ ಬಂದ ಕುಟುಂಬಗಳಿಗೆ ಕೌದಿ ಪರಿಚಿತ. ಹಳೆ ಸೀರೆ, ಪಂಚೆಗಳನ್ನು ಪದರ ಪದರವಾಗಿ ಹಾಸಿ ಓಡುಹೊಲಿಗೆ ಹಾಕಿದ ಹೊದಿಕೆ ಅದು. ಉತ್ತರ ಕನ್ನಡದ ಸಿದ್ದಿ ಮಹಿಳೆಯರ ಕವಂದಿಯೂ ಇದೇ ಕುಲದ್ದು. ನವಲಗುಂದದ ಜಮಖಾನ, ಚನ್ನಪಟ್ಟಣದ ಅರಗಿನ ಬಣ್ಣದ ಮರಗೆಲಸ, ಕಿನ್ನಾಳದ ಬೊಂಬೆಗಳು ಭೌಗೋಳಿಕ ಸೂಚಿ ಪಡೆದು ಅಂಗಡಿಯ ವಸ್ತುಗಳಾದವು. ಕೌದಿ ಮಾತ್ರ ಬಹುಕಾಲ ಮನೆಯೊಳಗೇ ಉಳಿಯಿತು.

ಬೆತ್ತದ ಕುರ್ಚಿಗೆ ಹೊಸ ಹೆಣಿಗೆ, ಮಂಚಕ್ಕೆ ನವಾರು ಬಿಗಿಯುವ ಕೆಲಸ ಇದೇ ಸಾಲಿಗೆ ಸೇರುತ್ತವೆ. ಚೌಕಟ್ಟು ಗಟ್ಟಿಯಿದ್ದರೆ ಹೆಣಿಗೆ ಎಷ್ಟು ಸಲವಾದರೂ ಬದಲಾಗಬಹುದು.

ಆಯ್ಕೆಯ ತಿಳಿವಳಿಕೆ

ಕೈಬದಲಾದ ವಸ್ತುವನ್ನು ಕೊಳ್ಳುವವರು ಮೊದಲು ನೋಡುವುದು ಕೀಲು, ಕಾಲು ಮತ್ತು ಹುಳು. ಕುರ್ಚಿಯನ್ನು ಅಲುಗಿಸಿದರೆ ಕೀಲಿನ ಸ್ಥಿತಿ ತಿಳಿಯುತ್ತದೆ. ಮರದಡಿ ಬಿಳಿ ಹುಡಿ ಬಿದ್ದಿದ್ದರೆ ಒಳಗೆ ಕೊರೆಹುಳು ಇನ್ನೂ ಜೀವಂತವಾಗಿದೆ ಎಂದು ತಿಳಿಯಬೇಕು. ಮಂಚದ ಸಂದುಗಳಲ್ಲಿ ತಿಗಣೆಯ ಕಪ್ಪು ಚುಕ್ಕೆ ಇದ್ದರೆ ಕೊಳ್ಳದಿರುವುದೇ ಮೇಲು. ಹಳೆ ಬಾಗಿಲು, ಕಿಟಕಿಗಳ ಬಣ್ಣದಲ್ಲಿ ಸೀಸ ಇರಬಹುದು. ಭಾರತದಲ್ಲಿ ಗೃಹಬಳಕೆಯ ಬಣ್ಣಕ್ಕೆ 90 ಪಿಪಿಎಂ ಮಿತಿ ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಿಂದಿನ ಬಣ್ಣವನ್ನು ಒಣದಾಗಿ ಉಜ್ಜಿದರೆ ವಿಷದ ಧೂಳು ಏಳಬಹುದು. ನೀರು ಹಚ್ಚಿ, ಮಕ್ಕಳನ್ನು ದೂರವಿಟ್ಟು ಉಜ್ಜಬೇಕು.

ಈಚಿನ ಎರಡು ದಶಕ

ಬಾಡಿಗೆ ಮನೆ ಬದಲಿಸುವವರು ಹೆಚ್ಚಿದಂತೆ ಕೈಬದಲಿನ ವೇಗವೂ ಹೆಚ್ಚಿತು. ಒಎಲ್‌ಎಕ್ಸ್, ಕ್ವಿಕರ್‌ನಂಥ ತಾಣಗಳು ಗುಜರಿಯವರ ನಡುಗೈ ಇಲ್ಲದೆ ಮಾರುವ ದಾರಿ ತೆರೆದವು. 2012ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಫರ್ಲೆಂಕೊ ಪೀಠೋಪಕರಣವನ್ನು ಬಾಡಿಗೆಗೆ ಕೊಡತೊಡಗಿತು. ಅದೇ ವರ್ಷದ ಅಕ್ಟೋಬರ್‌ನಿಂದ ನಗರದಲ್ಲಿ ಕಸ ವಿಂಗಡಣೆ ಕಡ್ಡಾಯವಾಯಿತು. ಒಣಕಸ ಸಂಗ್ರಹ ಕೇಂದ್ರಗಳ ಮೂಲಕ, ಹಸಿರು ದಳದಂಥ ಸಂಸ್ಥೆಗಳ ಯತ್ನದಿಂದ, ತ್ಯಾಜ್ಯ ಆಯುವವರ ಕೆಲಸಕ್ಕೆ ಮಾನ್ಯತೆ ಸಿಕ್ಕಿತು. ಕೈಕಸುಬಿನಲ್ಲೂ ಹೊಸ ಪ್ರಯೋಗಗಳಾದವು. ಮಲೆ ಮಹದೇಶ್ವರ ಬೆಟ್ಟದಲ್ಲಿ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀ 2004ರಿಂದ ಸೋಲಿಗ ಬುಡಕಟ್ಟಿನವರೊಂದಿಗೆ ಸೇರಿ, ಕಾಡನ್ನು ಆವರಿಸಿದ ಲಂಟಾನ ಕಳೆಯಿಂದ ಕುರ್ಚಿ, ಸೋಫಾ ಮಾಡಿಸಿತು.

2022ರ ಜೂನ್‌ನಲ್ಲಿ ನಾಗಸಂದ್ರದಲ್ಲಿ ಐಕಿಯಾ ಮಳಿಗೆ ತೆರೆಯಿತು. ಬಿಡಿಯಾಗಿ ಬಂದು ಮನೆಯಲ್ಲಿ ಜೋಡಿಸುವ ಪೀಠೋಪಕರಣ ಆ ವೇಳೆಗಾಗಲೇ ಮಧ್ಯಮ ವರ್ಗಕ್ಕೆ ಪರಿಚಿತವಾಗಿತ್ತು. ಇಂಥ ಸಾಮಾನುಗಳಲ್ಲಿ ಬಹಳಷ್ಟು ಪಾರ್ಟಿಕಲ್ ಬೋರ್ಡಿನವು. ನೀರು ತಗುಲಿದರೆ ಆ ಬೋರ್ಡು ಉಬ್ಬುತ್ತದೆ, ಬಿಚ್ಚಿ ಜೋಡಿಸಿದಾಗ ಸ್ಕ್ರೂ ಮೊದಲಿನಷ್ಟು ಹಿಡಿಯುವುದಿಲ್ಲ. ಮೂರನೆಯ ಮನೆಗೆ ಸಾಗಿಸುವ ಹೊತ್ತಿಗೆ ಅದರ ಬೆಲೆ ಬಹುಪಾಲು ಕರಗಿರುತ್ತದೆ. ತೇಗದ ಕುರ್ಚಿ, ತಗಡಿನ ಬೀರು, ಹತ್ತಿಯ ಹಾಸಿಗೆಗಳಾದರೆ ರಿಪೇರಿಯಾಗಿ ಮುಂದಿನ ತಲೆಮಾರಿಗೂ ಸಲ್ಲುತ್ತವೆ. ಕೊಳ್ಳುವಾಗ ಬೆಲೆಯ ಜೊತೆಗೆ ಆ ವಸ್ತು ಎಷ್ಟು ಸಲ ಸರಿಹೋಗಬಲ್ಲದು ಎಂಬುದನ್ನೂ ಲೆಕ್ಕ ಹಾಕಬೇಕು. ಹತ್ತಿ ಹಿಂಜುವವರು, ಬೆತ್ತ ಹೆಣೆಯುವವರು ಕಡಿಮೆಯಾದಂತೆ ಬಡವರ ಮನೆಯ ಖರ್ಚು ಏರುತ್ತದೆ. ಕಾಮಾಕ್ಷಿಪಾಳ್ಯದ ವೆಲ್ಡರು, ಬಡಗಿ, ಹೊಲಿಗೆಯವರು ಕೈತುಂಬ ಕೆಲಸದಲ್ಲಿ ಇರುವಷ್ಟು ಕಾಲ ಅಲ್ಲಿನ ಸಣ್ಣ ಮನೆಗಳು ಕಡಿಮೆ ಹಣದಲ್ಲಿ ಚೆಂದವಾಗಿ ಅಣಿಯಾಗಬಲ್ಲವು.