ನಲವತ್ತೆಂಟರ ವಯಸ್ಸಿನಲ್ಲಿ ಹೊಸ ಕ್ಯಾಮೆರಾ

ಮನೆಗೆ ಹೊಸ ಕ್ಯಾಮೆರಾ ಬಂದ ದಿನ ಏನಾಗುತ್ತದೆಂಬುದು ನಿಮಗೆ ತಿಳಿಯದ ಸಂಗತಿಯಲ್ಲ. ಅಜ್ಜಿಯನ್ನು ಅಂಗಳಕ್ಕೆ ಕರೆತಂದು ಬಿಸಿಲಿನಲ್ಲಿ ಕುರ್ಚಿಯ ಮೇಲೆ ಕೂರಿಸುತ್ತೇವೆ. ‘ಅಲ್ಲಾಡಬೇಡಿ, ಸ್ವಲ್ಪ ನಗಿ’ ಎನ್ನುತ್ತೇವೆ. ಚಿತ್ರ ಕೈಗೆ ಬಂದಾಗ ನೋಡಿದರೆ ಸೀರೆಯ ಅಂಚು, ಕುರ್ಚಿಯ ಕಾಲು, ಹಿಂದಿನ ತುಳಸಿಕಟ್ಟೆ ಎಲ್ಲವೂ ಸ್ಪಷ್ಟವಾಗಿವೆ. ನಮ್ಮ ಅಜ್ಜಿ ಮಾತ್ರ ಅದರಲ್ಲಿಲ್ಲ. ಕಣ್ಣು ಕಿರಿದು ಮಾಡಿಕೊಂಡ ಬೇರೆ ಯಾರೋ ಕುಳಿತಿದ್ದಾರೆ. ತಪ್ಪು ಯಂತ್ರದ್ದೋ, ನಮ್ಮದೋ? ಈ ಪ್ರಶ್ನೆಯನ್ನು ಇಟ್ಟುಕೊಂಡೇ ನೂರಕ್ಕೂ ಹೆಚ್ಚು ವರ್ಷ ಹಿಂದಿನ ಒಬ್ಬ ಮಹಿಳೆಯ ಕಥೆಯನ್ನು ಕೇಳಿ.

ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಹುಟ್ಟಿದ್ದು ಕಲ್ಕತ್ತೆಯಲ್ಲಿ, 1815ರಲ್ಲಿ. ಪತಿ ಚಾರ್ಲ್ಸ್ ಹೇ ಕ್ಯಾಮೆರಾನ್ ಅವರು ಮೆಕಾಲೆಯೊಡನೆ ಭಾರತದ ಕಾನೂನು ಆಯೋಗದಲ್ಲಿ ಕೆಲಸ ಮಾಡಿದವರು. 1848ರಲ್ಲಿ ಸಂಸಾರ ಇಂಗ್ಲೆಂಡಿಗೆ ಹೋಯಿತು. ಮುಂದೆ ವೈಟ್ ದ್ವೀಪದ ಫ್ರೆಶ್‌ವಾಟರ್ ಎಂಬ ಊರಿನಲ್ಲಿ ನೆಲೆಸಿತು. ಕವಿ ಟೆನಿಸನ್ ಅವರ ನೆರೆಯವರು. 1863ರ ಡಿಸೆಂಬರಿನಲ್ಲಿ ಪತಿ ಸಿಂಹಳದ ಕಾಫಿ ತೋಟಗಳನ್ನು ನೋಡಲು ಹೋಗಿದ್ದರು; ಮನೆ ಬಿಕೋ ಎನ್ನುತ್ತಿತ್ತು. ತಾಯಿಗೆ ಹೊತ್ತುಹೋಗಲೆಂದು ಮಗಳು ಅಳಿಯ ಸೇರಿ ಒಂದು ಕ್ಯಾಮೆರಾ ಕೊಡುಗೆಯಾಗಿ ಕೊಟ್ಟರು. ಆಗ ಆಕೆಗೆ ನಲವತ್ತೆಂಟು ವರ್ಷ.

ಅಂದಿನ ಕ್ಯಾಮೆರಾ ಎಂದರೆ ಕಾಲಿನ ಮೇಲೆ ನಿಲ್ಲಿಸಿದ ದೊಡ್ಡ ಮರದ ಪೆಟ್ಟಿಗೆ. ಹನ್ನೊಂದು ಅಂಗುಲ ಉದ್ದ, ಒಂಬತ್ತು ಅಂಗುಲ ಅಗಲದ ಗಾಜಿನ ಫಲಕಕ್ಕೆ ಕೊಲೋಡಿಯನ್ ಎಂಬ ಅಂಟುದ್ರವವನ್ನು ಸಮವಾಗಿ ಹರಿಸಬೇಕು. ಕತ್ತಲ ಕೋಣೆಯಲ್ಲಿ ಅದನ್ನು ಸಿಲ್ವರ್ ನೈಟ್ರೇಟಿನಲ್ಲಿ ಅದ್ದಬೇಕು. ಫಲಕ ಒದ್ದೆಯಾಗಿರುವಾಗಲೇ ಚಿತ್ರ ತೆಗೆದು, ಒಣಗುವ ಮುನ್ನ ತೊಳೆದು ಮುಗಿಸಬೇಕು. ಎದುರಿಗೆ ಕುಳಿತವರು ನಿಮಿಷಗಟ್ಟಲೆ ಕದಲದೆ ಇರಬೇಕು. ಕ್ಯಾಮೆರಾನ್ ಅವರು ಕಲ್ಲಿದ್ದಲ ಕೊಠಡಿಯನ್ನು ಕತ್ತಲ ಕೋಣೆ ಮಾಡಿಕೊಂಡರು. ಗಾಜು ಹೊದಿಸಿದ್ದ ಕೋಳಿಮನೆಯಿಂದ ಕೋಳಿಗಳನ್ನು ಹೊರಡಿಸಿ ಅದನ್ನೇ ಸ್ಟುಡಿಯೋ ಮಾಡಿದರು. ಸಿಲ್ವರ್ ನೈಟ್ರೇಟಿನ ಕಲೆ ಹೋಗುವಂಥದ್ದಲ್ಲ. ಮನೆಯ ಬಿಳಿಯ ಮೇಜುಬಟ್ಟೆಗಳೂ ಆ ಕಲೆಗೆ ಬಲಿಯಾದವು.

ಆರಂಭ ಹೇಗಿತ್ತು ಗೊತ್ತೇ? ಊರಿನ ರೈತನೊಬ್ಬನಿಗೆ ಗಂಟೆಗೆ ಅರ್ಧ ಕ್ರೌನ್ ಕೂಲಿ ಕೊಟ್ಟು ಕೂರಿಸಿ ಮೊದಲ ಚಿತ್ರ ತೆಗೆದರು. ಬಳಿಕ ಫಲಕದ ಹಸಿಯ ಬದಿಯ ಮೇಲೆ ತಾವೇ ಕೈಯಾಡಿಸಿ ಅದನ್ನು ಅಳಿಸಿಬಿಟ್ಟರು! ಇಬ್ಬರು ಮಕ್ಕಳನ್ನು ಕೂರಿಸಿದಾಗ ಒಂದು ಮಗು ಕಿಸಕ್ಕನೆ ನಕ್ಕಿತು. ಆ ಚಿತ್ರವೂ ಹೋಯಿತು. ಆಗ ಆನಿ ಎಂಬ ಒಬ್ಬಳೇ ಹುಡುಗಿಯನ್ನು ಕೂರಿಸಿಕೊಂಡು, ಅವಳು ಅಲ್ಲಾಡಿದರೆ ತಮ್ಮ ಔಷಧವೂ ಶ್ರಮವೂ ಎಷ್ಟು ಹಾಳಾಗುವುದೆಂದು ವಿವರಿಸಿ ಹೇಳಿದರು. ಮಗು ಅರ್ಥಮಾಡಿಕೊಂಡು ಸುಮ್ಮನೆ ಕುಳಿತಿತು. ಅದು 1864ರ ಜನವರಿ 29, ಶುಕ್ರವಾರ. ಮಧ್ಯಾಹ್ನ ಒಂದು ಗಂಟೆಗೆ ತೆಗೆದ ಚಿತ್ರವನ್ನು ತಾವೇ ಅಚ್ಚುಹಾಕಿ, ಕಟ್ಟುಹಾಕಿ, ರಾತ್ರಿ ಎಂಟರೊಳಗೆ ಮಗುವಿನ ತಂದೆಗೆ ಒಪ್ಪಿಸಿದರು. ಸಂತೋಷದಲ್ಲಿ ಮನೆಯೆಲ್ಲ ಓಡಾಡಿ ಆ ಹುಡುಗಿಗೆ ಕೊಡಲು ಉಡುಗೊರೆ ಹುಡುಕಿದರಂತೆ. ಚಿತ್ರವನ್ನು ತಾನಲ್ಲ, ಆ ಮಗುವೇ ಮಾಡಿದಳೆಂದು ಆಕೆಗೆ ಅನಿಸಿತ್ತು.

ಈ ಮಾತನ್ನು ಗಮನಿಸಿ. ಭಾವಚಿತ್ರದ ಗುಟ್ಟು ಇದರಲ್ಲಿದೆ. ಕ್ಯಾಮೆರಾನ್ ಅವರು ಮುಖಕ್ಕೆ ತೀರ ಹತ್ತಿರ ಹೋಗುತ್ತಿದ್ದರು. ಹತ್ತಿರದಿಂದ ಅಗಲವಾದ ಮಸೂರದಲ್ಲಿ ನೋಡಿದರೆ ಕಣ್ಣು ಸ್ಪಷ್ಟವಾದಾಗ ಕಿವಿ ಮಸುಕಾಗುತ್ತದೆ, ತಲೆಗೂದಲು ಹೊಗೆಯಂತಾಗುತ್ತದೆ. ಉಳಿದವರು ಎಲ್ಲವೂ ಚೂಪಾಗುವವರೆಗೆ ಮಸೂರವನ್ನು ತಿರುಗಿಸುತ್ತಿದ್ದರು. ಆಕೆ ಕಣ್ಣಿಗೆ ಚೆಲುವೆನಿಸಿದ ಕಡೆಯೇ ನಿಲ್ಲಿಸಿದರು. ಮೊದಲು ಇದು ಆಕಸ್ಮಿಕವಾಗಿ ಆದದ್ದೆಂದು ಅವರೇ ಒಪ್ಪಿಕೊಂಡಿದ್ದಾರೆ. ಫೋಟೋಗ್ರಫಿಯ ಪತ್ರಿಕೆಗಳು ಸುಮ್ಮನಿರಲಿಲ್ಲ. ಮಸುಕು, ಕೊಳೆ, ಅಜಾಗರೂಕತೆ ಎಂದು ಹಳಿದವು. ಆ ಟೀಕೆಯೆಲ್ಲ ಸುಳ್ಳೆನ್ನುವಂತಿಲ್ಲ. ಗೀರು ಬಿದ್ದ, ಬಿರುಕು ಬಿಟ್ಟ ಫಲಕಗಳಿಂದಲೂ ಆಕೆ ಚಿತ್ರ ಅಚ್ಚುಹಾಕಿದ್ದುಂಟು. ಆದರೆ ಟೀಕಾಕಾರರು ಗಾಜನ್ನು ನೋಡಿದರು, ಆಕೆ ಮುಖವನ್ನು ನೋಡಿದರು. 1865ರಲ್ಲಿಯೇ ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ವಸ್ತುಸಂಗ್ರಹಾಲಯ ಆಕೆಯ ಚಿತ್ರಗಳನ್ನು ಕೊಂಡುಕೊಂಡಿತು.

1867ರಲ್ಲಿ ಅವರು ಖಗೋಳ ವಿಜ್ಞಾನಿ ಸರ್ ಜಾನ್ ಹರ್ಷೆಲ್ ಅವರ ಚಿತ್ರ ತೆಗೆದರು. ನೆಗೆಟಿವ್, ಪಾಸಿಟಿವ್ ಎಂಬ ಹೆಸರುಗಳನ್ನು ಫೋಟೋಗ್ರಫಿಗೆ ತಂದವರು ಇವರೇ. 1836ರಲ್ಲಿ ದಕ್ಷಿಣ ಆಫ್ರಿಕದ ಕೇಪ್‌ನಲ್ಲಿ ಆದ ಪರಿಚಯ ಮೂವತ್ತು ವರ್ಷದ ಸ್ನೇಹವಾಗಿ ಬೆಳೆದಿತ್ತು. ಸಾಮಾನನ್ನೆಲ್ಲ ಹೊತ್ತುಕೊಂಡು ಅವರ ಮನೆಗೇ ಹೋದರು. ಆ ಚಿತ್ರದಲ್ಲಿ ಕುರ್ಚಿಯಿಲ್ಲ, ಪುಸ್ತಕವಿಲ್ಲ, ದೂರದರ್ಶಕವಿಲ್ಲ. ಕತ್ತಲೆಯೊಳಗಿಂದ ಕೆದರಿದ ಬಿಳಿಗೂದಲಿನ ಒಂದು ವೃದ್ಧ ಮುಖ ಮೂಡಿಬಂದಿದೆ; ಕಣ್ಣಿನಲ್ಲಿ ಬೆಳಕು ನಿಂತಿದೆ. ನಾಲ್ಕು ವರ್ಷಗಳ ಬಳಿಕ, 1871ರಲ್ಲಿ, ಹರ್ಷೆಲ್ ತೀರಿಕೊಂಡರು. ಆ ಮುಖ ಉಳಿಯಿತು.

ಕ್ಯಾಮೆರಾನ್ ದಂಪತಿಗಳು 1875ರಲ್ಲಿ ಸಿಂಹಳಕ್ಕೆ ಹೋಗಿ ನೆಲೆಸಿದರು. ಆಕೆ 1879ರಲ್ಲಿ ಅಲ್ಲಿಯೇ ಕಾಲವಾದರು. ಕ್ಯಾಮೆರಾ ಕೈಯಲ್ಲಿ ಹಿಡಿದು ಹದಿನಾರು ವರ್ಷವೂ ತುಂಬಿರಲಿಲ್ಲ.

ಈಗ ನಿಮ್ಮ ಅಜ್ಜಿಯ ಮಾತಿಗೆ ಬರೋಣ. ಇಂದಿನ ಕ್ಯಾಮೆರಾಕ್ಕೆ ಒದ್ದೆ ಗಾಜು ಬೇಡ, ನಿಮಿಷಗಟ್ಟಲೆ ಕಾಯುವುದೂ ಬೇಡ. ಆ ಅನುಕೂಲವೇ ನಮ್ಮನ್ನು ಅವಸರಕ್ಕೆ ನೂಕುತ್ತದೆ. ಅಜ್ಜಿಯನ್ನು ಬಿಸಿಲಿನಿಂದ ಎಬ್ಬಿಸಿ ಒಳಗೆ ಕಿಟಕಿಯ ಪಕ್ಕದಲ್ಲಿ ಕೂರಿಸಿ. ಬೆಳಕು ಒಂದು ಬದಿಯಿಂದ ಬರಲಿ. ಹಿಂದೆ ಒಂದು ಗಾಢಬಣ್ಣದ ಕಂಬಳಿ ಇಳಿಬಿಡಿ. ನಗಿ ಎನ್ನಬೇಡಿ, ಅವರ ತವರಿನ ಸುದ್ದಿ ಕೇಳಿ. ಅವರು ಮಾತು ಮುಗಿಸಿ ಒಂದು ಗಳಿಗೆ ಸುಮ್ಮನಾಗುತ್ತಾರೆ ನೋಡಿ, ಆಗ ಗುಂಡಿ ಒತ್ತಿ. ಮೊದಲ ಚಿತ್ರ ಕೆಟ್ಟರೂ ಚಿಂತೆಯಿಲ್ಲ, ಕ್ಯಾಮೆರಾನ್ ಅವರದೂ ಕೆಟ್ಟಿತ್ತು. ಆದರೆ ಮುಂದಿನ ವರ್ಷ ತೆಗೆದರಾಯಿತು ಎಂದು ಮಾತ್ರ ಬಿಡಬೇಡಿ.