ಮೈದಾನ ಬಿಡದ ಬೌಲರ್

ತುಮಕೂರಿನ ಬಸ್ ನಿಲ್ದಾಣದಲ್ಲಿ ಬೆಳಗಿನ ಮೊದಲ ಬಸ್ಸಿಗೆ ಕಾಯುವ ಹುಡುಗರನ್ನು ನೀವೂ ನೋಡಿರಬಹುದು. ಹೆಗಲಿಗೆ ಕಿಟ್ ಬ್ಯಾಗು, ಕೈಯಲ್ಲಿ ತಿಂಡಿ ಡಬ್ಬಿ. ಕೆಲವರು ಗುಬ್ಬಿಯಿಂದ ಕತ್ತಲಲ್ಲೇ ಹೊರಟು ಬಂದವರು. ಬೆಂಗಳೂರಿಗೆ ಸುಮಾರು 70 ಕಿ.ಮೀ. ಅಲ್ಲಿ ಕ್ರಿಕೆಟ್ ಆಯ್ಕೆ. ಕುಣಿಗಲ್ ಹುಡುಗರ ದಾರಿ ಬೇರೆ, ಆಸೆ ಒಂದೇ. ಸಂಜೆ ಹೆಚ್ಚಿನವರು ತಲೆ ತಗ್ಗಿಸಿಕೊಂಡು ಮರಳುತ್ತಾರೆ. ಅವರನ್ನು ಕಂಡಾಗಲೆಲ್ಲ ನನಗೆ ಜಿ. ಕಸ್ತೂರಿರಂಗನ್ ನೆನಪಾಗುತ್ತಾರೆ.

ಈ ಹೆಸರನ್ನು ಇಂದಿನ ಮಕ್ಕಳು ಕೇಳಿರಲಾರರು. 1930ರ ಅಕ್ಟೋಬರಿನಲ್ಲಿ ಹುಟ್ಟಿದ ಅವರು 1948ರಲ್ಲಿ, ಮೀಸೆ ಮೂಡುವ ವಯಸ್ಸಿನಲ್ಲೇ, ಮೈಸೂರು ರಾಜ್ಯದ ಪರವಾಗಿ ರಣಜಿ ಟ್ರೋಫಿಗೆ ಇಳಿದರು. ವೇಗದ ಬೌಲರ್.

ಮೈಸೂರು ಆಗ ದೊಡ್ಡ ತಂಡವೇನಲ್ಲ. 1934ರ ನವೆಂಬರಿನಲ್ಲಿ ರಣಜಿಯ ಮೊತ್ತಮೊದಲ ಪಂದ್ಯದಲ್ಲಿ ಮದ್ರಾಸಿನೆದುರು 48 ಮತ್ತು 59 ರನ್ನಿಗೆ ಕುಸಿದು, ಒಂದೇ ದಿನದಲ್ಲಿ ಸೋತು ಬಂದ ತಂಡ ಅದು. 1941-42ರಲ್ಲಿ ಫೈನಲ್ ತಲುಪಿದರೂ ಬೊಂಬಾಯಿಗೆ ಸೋತಿತು. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ಮೇಲೆ, 1973-74ರಲ್ಲಿ, ಮೊದಲ ಸಲ ಟ್ರೋಫಿ ಕೈಗೆ ಬಂತು. ಕಸ್ತೂರಿರಂಗನ್ ಬೌಲ್ ಮಾಡಿದ್ದು ಈ ಎರಡರ ನಡುವಿನ ಕಾಲದಲ್ಲಿ.

ಅವರ ಲೆಕ್ಕ ಇಷ್ಟೇ: 36 ಪ್ರಥಮ ದರ್ಜೆ ಪಂದ್ಯ, 94 ವಿಕೆಟ್, ಒಂದು ಇನ್ನಿಂಗ್ಸಿನಲ್ಲಿ ಅತ್ಯುತ್ತಮ ಸಾಧನೆ 42 ರನ್ನಿಗೆ 6. ಹದಿನೈದು ವರ್ಷಕ್ಕೆ ಇದು ಕಡಿಮೆ ಎನಿಸಬಹುದು. ಆದರೆ 1957ರವರೆಗೆ ರಣಜಿ ನಾಕೌಟ್ ಪಂದ್ಯಾವಳಿ. ಒಂದು ಪಂದ್ಯ ಸೋತರೆ ಆ ವರ್ಷದ ಕಥೆ ಮುಗಿಯಿತು. ವಲಯವಾರು ಲೀಗ್ ಬಂದದ್ದು 1957-58ರಲ್ಲಿ. ವರ್ಷವಿಡೀ ಮೈ ಹುರಿಗೊಳಿಸಿ, ಎರಡು ಮೂರು ಪಂದ್ಯಕ್ಕಾಗಿ ಕಾಯುವ ಆಟಗಾರನ ಮನಸ್ಸನ್ನು ಅಂಕಿ ಹೇಳುವುದಿಲ್ಲ.

ದೊಡ್ಡ ಬಾಗಿಲು ಒಮ್ಮೆ ತೆರೆದಿತ್ತು. 1952-53ರಲ್ಲಿ ವಿಜಯ್ ಹಜಾರೆ ನಾಯಕತ್ವದ ಭಾರತ ತಂಡ ವೆಸ್ಟ್ ಇಂಡೀಸಿಗೆ ಹೊರಟಾಗ ಕಸ್ತೂರಿರಂಗನ್ ಆಯ್ಕೆಯಾದರು. ವಯಸ್ಸು 22. ಆದರೆ ಗಾಯದ ಕಾರಣ ಅವರು ಹೋಗಲಿಲ್ಲ. ಅದೇ ಪ್ರವಾಸದಲ್ಲಿ ಸುಭಾಷ್ ಗುಪ್ತೆ ಐದು ಟೆಸ್ಟ್‌ಗಳಲ್ಲಿ 27 ವಿಕೆಟ್ ಪಡೆದು ಮನೆಮಾತಾದರು. ಇವರಿಗೆ ಮತ್ತೆ ಟೆಸ್ಟ್ ಆಡುವ ಯೋಗ ಬರಲೇ ಇಲ್ಲ.

ನಸೀಬು ಎಂದು ನಿಟ್ಟುಸಿರಿಟ್ಟು ಇಲ್ಲಿಗೆ ಕಥೆ ಮುಗಿಸಬಹುದಿತ್ತು. ಅವರು ಮುಗಿಸಲಿಲ್ಲ. ಮುಂದೆ ಹತ್ತು ವರ್ಷ ಮೈಸೂರಿಗೆ ಆಡಿದರು, ತಂಡದ ನಾಯಕರೂ ಆದರು. 1963ರ ಹೊತ್ತಿಗೆ ಆಟ ನಿಲ್ಲಿಸಿದ ಮೇಲೆ ಕ್ರಿಕೆಟ್ ಆಡಳಿತಕ್ಕೆ ಬಂದರು, ಪಿಚ್ ತಯಾರಿಸುವ ಕ್ಯುರೇಟರ್ ಆದರು. ಅದು ಚಪ್ಪಾಳೆ ಸಿಗುವ ಕೆಲಸವಲ್ಲ. ಮಣ್ಣಿಗೆ ಎಷ್ಟು ನೀರು, ರೋಲರ್ ಎಷ್ಟು ಸಲ, ಹುಲ್ಲು ಎಷ್ಟು ಬಿಡಬೇಕು ಎಂಬ ಲೆಕ್ಕ. ಪಿಚ್ ಚೆನ್ನಾಗಿದ್ದರೆ ಹೊಗಳಿಕೆ ಆಟಗಾರನಿಗೆ, ಕೆಟ್ಟರೆ ಬೈಗುಳ ಕ್ಯುರೇಟರನಿಗೆ. ತನಗೆ ಸಿಗದ ಅಂಗಳವನ್ನು ಬೇರೆಯವರಿಗಾಗಿ ಹದ ಮಾಡಿಕೊಡಲು ದೊಡ್ಡ ಮನಸ್ಸು ಬೇಕು.

ಇದೇ ಹಾದಿಯ ಇನ್ನೊಬ್ಬರು ಎಂ.ಜಿ. ವಿಜಯಸಾರಥಿ. ಮೈಸೂರಿಗೆ ಆಡಿದ ಅವರು ಟೆಸ್ಟ್ ಅಂಗಳಕ್ಕೆ ಇಳಿದದ್ದು ಅಂಪೈರಾಗಿ. ಮಗ ಎಂ.ವಿ. ನಾಗೇಂದ್ರ ಕೂಡ ಟೆಸ್ಟ್ ಅಂಪೈರಾದರು.

2020ರ ಆಗಸ್ಟ್ 19ರಂದು ಬೆಂಗಳೂರಿನಲ್ಲಿ ಕಸ್ತೂರಿರಂಗನ್ ತೀರಿಕೊಂಡರು. ವಯಸ್ಸು 89.

ನಮ್ಮ ಕ್ರೀಡಾ ಚರಿತ್ರೆ ಶತಕ ಬಾರಿಸಿದವರ, ಕಪ್ ಎತ್ತಿದವರ ಚರಿತ್ರೆ. ಆದರೆ ಹನ್ನೊಂದು ಜನರ ತಂಡ ನಿಲ್ಲುವುದು ಅದರ ಹಿಂದಿರುವ ನೂರಾರು ಜನರ ಮೇಲೆ. ಸಂಜೆಯ ಬಸ್ಸಿನಲ್ಲಿ ತುಮಕೂರಿಗೆ ಮರಳುವ ಹುಡುಗನಿಗೆ "ಪರವಾಗಿಲ್ಲ ಬಿಡು, ಬೇರೆ ಕೆಲಸ ನೋಡು" ಎನ್ನುವವರು ಬಹಳ. ಆಯ್ಕೆಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ಮೈದಾನದಲ್ಲಿ ನಿನಗೆ ಜಾಗವಿದೆ ಎಂದು ಹೇಳುವವರು ಬೇಕು. ಆ ಮಾತಿಗೆ ಸಾಕ್ಷಿ ಬೇಕೆಂದರೆ ಕಸ್ತೂರಿರಂಗನ್ ಅವರ ಬದುಕಿದೆ.